ಆಮೆಯನ್ನು ಸಾಕುವ ಸಲಹೆ: ಒಂದು ಚರಿತ್ರೆ, ಒಂದು ತಪ್ಪೊಪ್ಪಿಗೆ

ಕಳೆದ ಸಲ ಊರ ಕೆರೆಗಳ ಬಗ್ಗೆ ಬರೆದಾಗ, ಮುಂದಿನ ಬರಹವೂ ಇತಿಹಾಸದ್ದೇ ಆಗಿರಲಿ ಎಂದು ಕೆಲವರು ಕೇಳಿದ್ದಿರಿ. ಇದು ಇತಿಹಾಸವೇ ಹೌದು. ಆದರೆ ರಾಜರದಲ್ಲ, ಯುದ್ಧಗಳದಲ್ಲ. ಒಂದು ಮೂಕಪ್ರಾಣಿಯನ್ನು ಹೇಗೆ ಸಾಕಬೇಕೆಂದು ಮನುಷ್ಯರು ಒಬ್ಬರಿಗೊಬ್ಬರು ಹೇಳುತ್ತ ಬಂದ ಮಾತುಗಳ ಇತಿಹಾಸ. ಇದರಲ್ಲಿ ನನ್ನದೂ ಒಂದು ಸಣ್ಣ ಪಾತ್ರವಿದೆ. ಅದು ಹೆಮ್ಮೆಪಡುವಂಥದ್ದಲ್ಲ.

ಹೋದ ತಿಂಗಳು ಒಂದು ಭಾನುವಾರ ಸಂಜೆ ಇಂಗ್ಲೆಂಡಿನಿಂದ ದೂರವಾಣಿ ಕರೆ ಬಂದಿತು. ಮೂವತ್ತೈದು ವರ್ಷಗಳ ಹಿಂದೆ ನನ್ನ ಕೈಯಲ್ಲಿ ಓದಿದ ಹುಡುಗ. ಈಗ ಅಲ್ಲಿ ಸಂಸಾರಸ್ಥ. ಕುಶಲಪ್ರಶ್ನೆಗಳಾದ ಮೇಲೆ ಸ್ವಲ್ಪ ತಡವರಿಸಿ ಹೇಳಿದ: "ಸಾರ್, ಪಕ್ಕದ ಮನೆಯ ಅಜ್ಜಿ ತಾವು ಸಾಕಿದ್ದ ಆಮೆಯನ್ನು ನನ್ನ ಮಗಳಿಗೆ ಕೊಟ್ಟಿದ್ದಾರೆ. ಹೇಗೆ ನೋಡಿಕೊಳ್ಳಬೇಕೋ ಗೊತ್ತಿಲ್ಲ. ಹತ್ತು ಜನರನ್ನು ಕೇಳಿದರೆ ಹತ್ತು ರೀತಿ ಹೇಳುತ್ತಾರೆ. ಯಾರ ಮಾತು ನಂಬಬೇಕು ಸಾರ್?"

ಆಮೆ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆಯಲ್ಲಿ ಏನೋ ಕುಸಿದಂತಾಯಿತು. ಏಕೆಂದರೆ 1988ರಲ್ಲಿ ಇದೇ ಹುಡುಗ ಇದೇ ಪ್ರಶ್ನೆಯನ್ನು ನನ್ನನ್ನು ಕೇಳಿದ್ದ. ಅಂದು ನಾನು ಉತ್ತರವನ್ನೂ ಕೊಟ್ಟಿದ್ದೆ.

ಆಗ ನಾನು ಕೋಲಾರ ಜಿಲ್ಲೆಯ ಆಂಧ್ರದ ಗಡಿಯ ಕಡೆಗೆ ಒಂದು ಪ್ರೌಢಶಾಲೆಯಲ್ಲಿದ್ದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಒಂಬತ್ತನೆಯ ತರಗತಿಯ ಈ ಹುಡುಗ ಕಡಲೆಕಾಯಿ ಹೊಲದ ಬದುವಿನಲ್ಲಿ ಸಿಕ್ಕಿದ ಒಂದು ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಕಪ್ಪು ಚಿಪ್ಪಿನ ಮೇಲೆ ನಕ್ಷತ್ರ ಬರೆದಂತೆ ಹಳದಿ ಗೆರೆಗಳು. ನಾನು ಸಮಾಜ ವಿಜ್ಞಾನದ ಅಧ್ಯಾಪಕ. ಪ್ರಾಣಿಶಾಸ್ತ್ರ ನನ್ನ ವಿಷಯವಲ್ಲ. ವಿಜ್ಞಾನದ ಮೇಷ್ಟ್ರು ಅಂದು ರಜೆಯಲ್ಲಿದ್ದರು. "ಗೊತ್ತಿಲ್ಲ" ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. "ಆಮೆ ಅಲ್ಲವೇನೋ? ನೀರಿನಲ್ಲಿ ಬಿಡು. ತೊಟ್ಟಿ ತುಂಬ ನೀರು ಹಾಕು, ಚೆನ್ನಾಗಿರುತ್ತದೆ" ಎಂದುಬಿಟ್ಟೆ. ಅವನು ಶಾಲೆಯ ಹಿಂದಿನ ಸಿಮೆಂಟಿನ ತೊಟ್ಟಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದ. ಮರುದಿನ ಬೆಳಿಗ್ಗೆ ಆಮೆ ಸತ್ತಿತ್ತು.

ಅದು ನಕ್ಷತ್ರ ಆಮೆ. ಒಣನೆಲದ, ಕುರುಚಲು ಕಾಡಿನ ಪ್ರಾಣಿ. ಅದಕ್ಕೆ ಈಜಲು ಬಾರದು. ಕುಡಿಯಲು ಅಂಗೈಯಷ್ಟು ನೀರು ಸಾಕು. ಇಂಗ್ಲಿಷಿನಲ್ಲಿ ನೀರಿನದಕ್ಕೆ ಟರ್ಟಲ್ ಎಂದೂ ನೆಲದ್ದಕ್ಕೆ ಟಾರ್ಟಾಯ್ಸ್ ಎಂದೂ ಸಾಮಾನ್ಯವಾಗಿ ಬೇರೆ ಬೇರೆ ಹೆಸರುಗಳಿವೆ. ನಾವು ಎಲ್ಲವನ್ನೂ ಆಮೆ ಎನ್ನುತ್ತೇವೆ. ಆದರೆ ತಪ್ಪನ್ನು ಭಾಷೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ತಿಳಿಯದಿದ್ದರೂ ತಿಳಿದವನಂತೆ ಹೇಳಿದ್ದು ನಾನು.

ದೂರವಾಣಿಯಲ್ಲಿ ಅವನಿಗೆ, "ಒಂದು ವಾರ ಕಾಲಾವಕಾಶ ಕೊಡಪ್ಪ, ಓದಿ ಹೇಳುತ್ತೇನೆ" ಎಂದೆ. ಆ ವಾರದ ಓದಿನ ಫಲವೇ ಈ ಬರಹ.

ಗಿಲ್ಬರ್ಟ್ ವೈಟ್ ಮತ್ತು ಟಿಮೊಥಿ

ಸಾಕಿದ ಆಮೆಯನ್ನು ಕಣ್ಣಿಟ್ಟು ನೋಡಿ ಬರೆದಿಟ್ಟವರಲ್ಲಿ ಬಹಳ ಪ್ರಸಿದ್ಧನಾದವನು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. 1789ರಲ್ಲಿ ಪ್ರಕಟವಾದ ಅವನ 'ಸೆಲ್ಬೋರ್ನಿನ ನಿಸರ್ಗ ಚರಿತ್ರೆ' ಇಂದಿಗೂ ಅಚ್ಚಾಗುತ್ತಿರುವ ಗ್ರಂಥ. ಅವನ ಸೋದರತ್ತೆಯ ಮನೆಯಲ್ಲಿ ಟಿಮೊಥಿ ಎಂಬ ಹೆಸರಿನ ಒಂದು ಆಮೆಯಿತ್ತು. ಮೆಡಿಟರೇನಿಯನ್ ಪ್ರದೇಶದ ನೆಲದ ಆಮೆ ಅದು. ಆಕೆ 1780ರಲ್ಲಿ ತೀರಿಕೊಂಡಾಗ, ಚಳಿಗಾಲದ ನಿದ್ರೆಯಲ್ಲಿ ಮಣ್ಣಿನೊಳಗಿದ್ದ ಟಿಮೊಥಿಯನ್ನು ಅಗೆದು ತೆಗೆದು, ಕುದುರೆ ಗಾಡಿಯಲ್ಲಿ ವೈಟ್ ತನ್ನ ಮನೆಗೆ ತಂದ.

ವೈಟನ ದಿನಚರಿಯನ್ನು ಓದಿದರೆ ಸಂತೋಷವಾಗುತ್ತದೆ. ಆತ ಆಮೆಯನ್ನು ತಕ್ಕಡಿಯಲ್ಲಿಟ್ಟು ತೂಗಿದ; ನಿದ್ರೆಗೆ ಮುನ್ನ ಎಷ್ಟು, ಎದ್ದ ಮೇಲೆ ಎಷ್ಟು ಎಂದು ಗುರುತು ಹಾಕಿದ. ದೂರದವರನ್ನು ಕರೆಯಲು ಬಳಸುವ ತುತ್ತೂರಿಯಂಥ ಕೊಳವೆಯಲ್ಲಿ ಅದರ ಬಳಿ ಕೂಗಿ ನೋಡಿದ, ಅದು ಲಕ್ಷಿಸಲಿಲ್ಲ. ಮಳೆ ಬರುವ ಮುನ್ನವೇ ಅದು ಮರೆ ಸೇರುವುದನ್ನು ಕಂಡ. ಶರತ್ಕಾಲದ ಎಳೆಬಿಸಿಲಿನಲ್ಲಿ ಗೋಡೆಗೆ ಚಿಪ್ಪನ್ನು ಓರೆಯಾಗಿ ಒರಗಿಸಿ, ಆದಷ್ಟು ಹೆಚ್ಚು ಬಿಸಿಲು ಬೀಳುವಂತೆ ಅದು ನಿಲ್ಲುವುದನ್ನೂ ಬರೆದಿಟ್ಟ.

ಇನ್ನೊಂದು ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವೈಟ್ ಒಮ್ಮೆ ಟಿಮೊಥಿಯನ್ನು ನೀರಿನ ತೊಟ್ಟಿಗೆ ಇಳಿಸಿ ನೋಡಿದ. ಅದು ಮೆಲ್ಲನೆ ಮುಳುಗಿ, ತಳದಲ್ಲಿ ನಡೆಯತೊಡಗಿ, ಬಹಳ ಗಾಬರಿಗೊಂಡಂತೆ ಕಂಡಿತು. ಈ ಜಾತಿಯದು ನೀರಿನ ಪ್ರಾಣಿಯಲ್ಲವೆಂದು ಆತ ತೀರ್ಮಾನಿಸಿ ಬರೆದ. ಅವನು ಮಾಡಿದ್ದೂ ನೀರಿಗಿಳಿಸಿದ್ದೇ, ನಾನು ಮಾಡಿಸಿದ್ದೂ ಅದೇ. ವ್ಯತ್ಯಾಸ ಇಷ್ಟೆ: ಆತ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ನಾನು ಹೇಳಿ, ಗಂಟೆ ಹೊಡೆಯಿತೆಂದು ಮನೆಗೆ ಹೋಗಿದ್ದೆ.

ಇಷ್ಟು ಎಚ್ಚರದ ವೈಟನೂ ಒಂದು ವಿಷಯದಲ್ಲಿ ತಪ್ಪಿದ. ಟಿಮೊಥಿ ಗಂಡೆಂದೇ ಅವನು ತಿಳಿದಿದ್ದ. 1793ರಲ್ಲಿ ಅವನು ತೀರಿಕೊಂಡ, ಮರುವರ್ಷ ಆಮೆಯೂ ಸತ್ತಿತು. ಅದು ಹೆಣ್ಣೆಂದು ಆಮೇಲೆ ತಿಳಿಯಿತು. ಅದರ ಚಿಪ್ಪು ಲಂಡನ್ನಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಆತ ಎಲ್ಲವನ್ನೂ ಬರೆದಿಟ್ಟಿದ್ದರಿಂದಲೇ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಇಂದು ನಾವು ಹೇಳಲು ಸಾಧ್ಯವಾಗಿದೆ.

ಹಾಲು ಬ್ರೆಡ್ಡಿನ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆಮೆ ಪಾದ್ರಿಗಳ, ಶ್ರೀಮಂತರ ಮನೆಯ ವಿಚಿತ್ರವಾಗಿ ಉಳಿಯಲಿಲ್ಲ. ಮೊರಾಕ್ಕೊ, ಆಮೇಲೆ ಟರ್ಕಿ, ಯುಗೊಸ್ಲಾವಿಯ ಮುಂತಾದ ಕಡೆಗಳಿಂದ ಹಡಗುಗಳಲ್ಲಿ ತುಂಬಿಕೊಂಡು ಬಂದ ಆಮೆಗಳನ್ನು ಲಂಡನ್ನಿನ ಬೀದಿಗಳಲ್ಲಿ ತಳ್ಳುಗಾಡಿಯ ಮೇಲೆ ಮಾರುತ್ತಿದ್ದರು. ಮಕ್ಕಳು ಕೊಂಡರು. ಮಾರಿದವನು ಒಂದೆರಡು ಮಾತಿನ ಸಲಹೆ ಕೊಟ್ಟ, ನೆರೆಯವರು ಇನ್ನೊಂದೆರಡು ಸೇರಿಸಿದರು. ಹಾಲಿನಲ್ಲಿ ಬ್ರೆಡ್ ನೆನೆಸಿ ಕೊಡಿ. ತಪ್ಪಿಸಿಕೊಂಡು ಹೋಗದಂತೆ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟಿ. ಚಳಿಗಾಲ ಬಂದೊಡನೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಮರೆತುಬಿಡಿ. ಈ ಮಾತುಗಳು ತಾಯಿಯಿಂದ ಮಗಳಿಗೆ, ಅಜ್ಜನಿಂದ ಮೊಮ್ಮಗನಿಗೆ ದಾಟಿ ಬಂದವು.

ಆಮೆ ಹಾಲನ್ನು ಅರಗಿಸಿಕೊಳ್ಳುವ ಪ್ರಾಣಿಯಲ್ಲ. ಅದರ ಚಿಪ್ಪು ಸತ್ತ ಹಲಗೆಯೂ ಅಲ್ಲ. ಕೆಳಗೆ ನರವಿರುವ, ರಕ್ತ ಹರಿಯುವ ಜೀವಂತ ಮೂಳೆ. ಹೀಗಿದ್ದೂ ಈ ಸಲಹೆಗಳು ತಲೆಮಾರುಗಟ್ಟಲೆ ಏಕೆ ಉಳಿದವು?

ನನಗೆ ತೋರುವ ಕಾರಣವಿದು. ನಾಯಿಗೋ ಕೋಳಿಗೋ ತಪ್ಪು ಆಹಾರ ಕೊಟ್ಟರೆ ಸಾಮಾನ್ಯವಾಗಿ ಬೇಗನೆ ತಿಳಿಯುತ್ತದೆ. ಆಮೆಯ ದೇಹದಲ್ಲಿ ಎಲ್ಲವೂ ನಿಧಾನ. ಅದು ತಪ್ಪು ಆರೈಕೆಯಲ್ಲಿ ಒಂದು ವರ್ಷ, ಎರಡು ವರ್ಷ ಜೀವ ಹಿಡಿದಿರುತ್ತದೆ. ಅಷ್ಟರಲ್ಲಿ ಸಲಹೆ ಕೊಟ್ಟವನು ಹತ್ತು ಜನಕ್ಕೆ ಅದೇ ಮಾತು ಹೇಳಿರುತ್ತಾನೆ. ಕೊನೆಗೆ ಅದು ಸತ್ತಾಗ ಜನ "ಚಳಿಗೆ ಸತ್ತಿತು", "ವಯಸ್ಸಾಗಿತ್ತು" ಎನ್ನುತ್ತಾರೆ. ಇನ್ನು, ನೂರರಲ್ಲಿ ಹೇಗೋ ಬದುಕಿಕೊಂಡ ನಾಲ್ಕನ್ನು ಸಾಕಿದವರು "ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಹಾಲು ಬ್ರೆಡ್ಡು ತಿಂದೇ ಇತ್ತು" ಎಂದು ಸಾಕ್ಷಿ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಸತ್ತ ತೊಂಬತ್ತಾರರ ಪರವಾಗಿ ಸಾಕ್ಷಿ ಹೇಳಲು ಯಾರೂ ಉಳಿದಿರುವುದಿಲ್ಲ.

ಹಾಗೆ ಬ್ರಿಟನ್ನಿಗೆ ಬಂದ ಆಮೆಗಳಲ್ಲಿ ಬಹುಪಾಲು ಮೊದಲ ಕೆಲವು ಚಳಿಗಾಲಗಳನ್ನು ದಾಟಲಿಲ್ಲ. ಕೊನೆಗೆ 1984ರಲ್ಲಿ ಯುರೋಪಿನ ಕಾನೂನು ಆ ಮೆಡಿಟರೇನಿಯನ್ ಆಮೆಗಳ ವ್ಯಾಪಾರಕ್ಕೆ ತಡೆ ಹಾಕಿತು.

ಅಮೆರಿಕದ ಕಥೆಯೂ ಬೇರೆಯಲ್ಲ. ಅಲ್ಲಿನ ಲೂಸಿಯಾನ ರಾಜ್ಯದ ಫಾರಂಗಳಲ್ಲಿ ಕೆಂಪು ಕಿವಿಯ ನೀರಿನ ಆಮೆಮರಿಗಳನ್ನು ಬೆಳೆಸಿ, 1950-60ರ ದಶಕಗಳಲ್ಲಿ ಚಿಲ್ಲರೆ ಅಂಗಡಿಗಳಲ್ಲಿ ಮಾರುತ್ತಿದ್ದರು. ಜೊತೆಗೆ ಪ್ಲಾಸ್ಟಿಕ್ ಬಟ್ಟಲು, ನಡುವೆ ಪ್ಲಾಸ್ಟಿಕ್ಕಿನ ಒಂದು ತಾಳೆಮರ, ತಿನ್ನಲು ಒಣಗಿಸಿದ ಕೀಟಗಳ ಒಂದು ಡಬ್ಬಿ. ಸುಣ್ಣದಂಶವೂ ಎ ಜೀವಸತ್ವವೂ ಸಾಲದೆ ಮರಿಗಳ ಚಿಪ್ಪು ಮೆತ್ತಗಾಗಿ, ಕಣ್ಣು ಊದಿ ಮುಚ್ಚಿಹೋಗುತ್ತಿದ್ದವು. ಅಂಗೈಯಷ್ಟು ದೊಡ್ಡದಾಗುವ ಮೊದಲೇ ಸಾಯುತ್ತಿದ್ದುದರಿಂದ ಇವು ಅಷ್ಟೇ ಚಿಕ್ಕ ಪ್ರಾಣಿಗಳೆಂದು ಜನ ತಿಳಿದರು. 1975ರಲ್ಲಿ ಅಮೆರಿಕದ ಸರ್ಕಾರ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆದರೆ ಅದು ಆಮೆಗಳ ಮೇಲಿನ ಕರುಣೆಯಿಂದಲ್ಲ. ಮಕ್ಕಳಿಗೆ ಸಾಲ್ಮೊನೆಲ್ಲ ಎಂಬ ರೋಗಾಣು ಅಂಟುತ್ತಿತ್ತೆಂಬ ಕಾರಣದಿಂದ. ಹೊರದೇಶಗಳಿಗೆ ರಫ್ತು ಮಾತ್ರ ನಡೆದೇ ಇತ್ತು. ನಮ್ಮ ಬೆಂಗಳೂರಿನ ಅಂಗಡಿಗಳಲ್ಲೂ ಈ ಮರಿಗಳನ್ನು ಕಂಡವರಿದ್ದೀರಿ. ದೊಡ್ಡದಾದಾಗ ಕೆರೆಗೆ ಬಿಟ್ಟುಬಿಡುತ್ತಾರೆ. ಅಲ್ಲಿ ಅದು ನಮ್ಮ ನಾಡಿನ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ.

ಬೆಳಕನ್ನು ತಂದ ಹೆಣ್ಣುಮಗಳು

ಹಾಗಾದರೆ ಸರಿಯಾದ ತಿಳಿವಳಿಕೆ ಎಲ್ಲಿಂದ ಬಂದಿತು? ಕೇವಲ ಪಂಡಿತರಿಂದ ಎಂದರೆ ತಪ್ಪಾದೀತು. ಕೇವಲ ಹವ್ಯಾಸಿಗಳಿಂದ ಎಂದರೂ ತಪ್ಪೇ.

1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜೋನ್ ಪ್ರಾಕ್ಟರ್ ಎಂಬಾಕೆ ಚಿಕ್ಕಂದಿನಿಂದಲೂ ಹಲ್ಲಿ ಹಾವುಗಳನ್ನು ಸಾಕುತ್ತಿದ್ದಳು. ಶಾಲೆಗೆ ಒಮ್ಮೆ ಮೊಸಳೆಮರಿಯನ್ನೇ ತಂದಿದ್ದಳಂತೆ. (ನನ್ನ ತರಗತಿಗೆ ಯಾರೂ ತರಲಿಲ್ಲ, ಪುಣ್ಯ!) ಕಾಯಿಲೆಯ ಶರೀರ, ವಿಶ್ವವಿದ್ಯಾಲಯಕ್ಕೆ ಹೋಗಿ ಓದಲಾಗಲಿಲ್ಲ. ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನ ಸರೀಸೃಪ ತಜ್ಞ ಬುಲಾಂಜೆ ಈ ಹುಡುಗಿಯ ಪ್ರಶ್ನೆಗಳನ್ನು ಲಘುವಾಗಿ ಕಾಣದೆ, ಆಕೆಯನ್ನು ತನ್ನ ಕೆಲಸಕ್ಕೆ ಸೇರಿಸಿಕೊಂಡ. 1923ರಲ್ಲಿ ಆಕೆ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದಳು.

ಅದಕ್ಕೆ ಸ್ವಲ್ಪ ಮುಂಚೆ, 1919ರಲ್ಲಿ, ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯ, ರಿಕೆಟ್ಸ್ ರೋಗದಿಂದ ಕಾಲು ಸೊಟ್ಟಗಾದ ಮಕ್ಕಳಿಗೆ ಅತಿನೇರಳೆ ಕಿರಣಗಳ ದೀಪ ಹಿಡಿದು ವಾಸಿಮಾಡಿ ತೋರಿಸಿದ್ದ. ಮೂಳೆ ಗಟ್ಟಿಯಾಗಲು ಬೇಕಾದ ಡಿ ಜೀವಸತ್ವ ಚರ್ಮದಲ್ಲಿ ಹುಟ್ಟುವುದು ಈ ಕಿರಣಗಳಿಂದ. ಸಾಮಾನ್ಯ ಕಿಟಕಿಯ ಗಾಜು ಬೆಳಕನ್ನು ಬಿಟ್ಟರೂ ಈ ಕಿರಣಗಳನ್ನು ತಡೆಯುತ್ತದೆ. ಪ್ರಾಕ್ಟರ್ ತಾನೇ ಮುಂದೆ ನಿಂತು ರೂಪಿಸಿದ ಸರೀಸೃಪ ಗೃಹ 1927ರಲ್ಲಿ ತೆರೆದಾಗ, ಅದರಲ್ಲಿ ಅತಿನೇರಳೆ ಕಿರಣಗಳನ್ನು ಒಳಬಿಡುವ ವಿಶೇಷ ಗಾಜಿತ್ತು. ಆಯಾ ಪ್ರಾಣಿಗೆ ಬೇಕಾದಷ್ಟೇ ಶಾಖ ಕೊಡುವ ವಿದ್ಯುತ್ ವ್ಯವಸ್ಥೆಯಿತ್ತು. ಗೋಡೆಗೆ ಚಿಪ್ಪನ್ನು ಓರೆಮಾಡಿ ಬಿಸಿಲು ಹಿಡಿಯುತ್ತಿದ್ದ ಟಿಮೊಥಿ ಕೇಳುತ್ತಿದ್ದುದು ಇದನ್ನೇ. ಅದನ್ನು ನೋಡಿದವನಿಗೂ, ಕಾರಣ ತಿಳಿದು ಕಟ್ಟಡ ಕಟ್ಟಿದವಳಿಗೂ ನಡುವೆ ಸುಮಾರು ನೂರೈವತ್ತು ವರ್ಷಗಳ ಅಂತರ. ಪ್ರಾಕ್ಟರ್ 1931ರಲ್ಲಿ, ಇನ್ನೂ ಮೂವತ್ತನಾಲ್ಕರ ಪ್ರಾಯದಲ್ಲೇ ತೀರಿಕೊಂಡಳು.

ಮುಂದೆ 1970ರ ದಶಕದ ಕೊನೆಯಲ್ಲಿ ಆಲಿಫಂಟ್ ಜಾಕ್ಸನ್ ಎಂಬ ಇಂಗ್ಲೆಂಡಿನ ಪಶುವೈದ್ಯ ಒಂದು ಸರಳ ಉಪಾಯ ಹೇಳಿಕೊಟ್ಟ. ಚಿಪ್ಪಿನ ಉದ್ದ ಅಳೆಯಿರಿ, ತೂಕ ನೋಡಿ. ಆರೋಗ್ಯವಂತ ಆಮೆಗಳ ಪಟ್ಟಿಯೊಂದಿಗೆ ಹೋಲಿಸಿ. ತೂಕ ಕಡಿಮೆಯಿದ್ದರೆ ಆ ವರ್ಷ ಚಳಿಗಾಲದ ನಿದ್ರೆಗೆ ಬಿಡಬೇಡಿ. ಒಂದು ತಕ್ಕಡಿ, ಒಂದು ಅಳತೆಪಟ್ಟಿ. ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆದರೆ ಆ ಪಟ್ಟಿ ಸಿದ್ಧವಾದದ್ದು ಎರಡು ಮೆಡಿಟರೇನಿಯನ್ ಜಾತಿಗಳಿಗೆ ಮಾತ್ರ. ಅದನ್ನು ಬೇರೆ ಜಾತಿಗಳಿಗೂ ಅನ್ವಯಿಸಿದವರು ಎಡವಿದರು. ಸರಿಯಾದ ಸಲಹೆಯೂ ತಪ್ಪು ಪ್ರಾಣಿಗೆ ಸಿಕ್ಕರೆ ತಪ್ಪು ಸಲಹೆಯೇ ಆಗುತ್ತದೆ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರಾರು!

ಹತ್ತು ಜನ ಒಪ್ಪಿದ ಮಾತು, ಪಂಡಿತನ ಮಾತು

ಸಾಕಿದ ಆಮೆಮರಿಗಳ ಚಿಪ್ಪು ನುಣುಪಾಗಿ ಬೆಳೆಯದೆ ಗೋಪುರಗಳಂತೆ ಉಬ್ಬುಬ್ಬಾಗಿ ಬೆಳೆಯುವ ಒಂದು ದೋಷವಿದೆ. ಹೆಚ್ಚು ಸಸಾರಜನಕ ತಿನ್ನಿಸಿದ್ದೇ ಇದಕ್ಕೆ ಕಾರಣವೆಂದು ಸಾಕುವವರು ಬಹುಕಾಲ ಹೇಳುತ್ತಿದ್ದರು. ಪುಸ್ತಕದಿಂದ ಪುಸ್ತಕಕ್ಕೆ ಅದೇ ವಾಕ್ಯ. 2003ರಲ್ಲಿ ವಿಯೆನ್ನಾದ ವೀಸ್ನರ್ ಮತ್ತು ಇಬೆನ್ ಎಂಬ ಇಬ್ಬರು ಸಂಶೋಧಕರು ಆಫ್ರಿಕದ ಒಂದು ಜಾತಿಯ ಮರಿಗಳನ್ನು ಗುಂಪು ಮಾಡಿ, ಕೆಲವಕ್ಕೆ ಒಣಹವೆ, ಕೆಲವಕ್ಕೆ ತೇವದ ಹವೆ, ಹೆಚ್ಚು ಕಡಿಮೆ ಸಸಾರಜನಕ ಕೊಟ್ಟು ಬೆಳೆಸಿದರು. ಉಬ್ಬಿಗೆ ಮುಖ್ಯ ಕಾರಣ ಒಣಹವೆಯೆಂದು ತಿಳಿದುಬಂತು; ಆಹಾರದ ಪ್ರಭಾವ ಅಲ್ಪ. ಹತ್ತು ಪುಸ್ತಕ ಹೇಳುತ್ತವೆ ಎಂದರೆ ಹತ್ತು ಸಾಕ್ಷಿಗಳೆಂದಲ್ಲ. ಒಬ್ಬನ ಮಾತನ್ನು ಒಂಬತ್ತು ಜನ ನಕಲು ಮಾಡಿರಬಹುದು. ಪರೀಕ್ಷೆಯಲ್ಲಿ ಹತ್ತು ಹುಡುಗರು ಒಂದೇ ತಪ್ಪು ಬರೆದಾಗ ನಾನು ಅವರ ಒಮ್ಮತವನ್ನು ಮೆಚ್ಚಲಿಲ್ಲ. ಯಾರ ಹಿಂದೆ ಯಾರು ಕುಳಿತಿದ್ದರೆಂದು ನೋಡಿದೆ. ನಿಮಗೆ ನೆನಪಿರಬಹುದು.

ಪಂಡಿತನನ್ನಾದರೂ ಪೂರ್ತಿ ನಂಬಬಹುದೇ? ಶಿಕಾಗೊ ನಗರದ ಕಾರ್ಲ್ ಷ್ಮಿಟ್ ಹಾವುಗಳ ವಿಷಯದಲ್ಲಿ ಜಗತ್ತೇ ಗೌರವಿಸುತ್ತಿದ್ದ ವಿದ್ವಾಂಸ, ನನ್ನಂತೆಯೇ ನಿವೃತ್ತ. 1957ರ ಸೆಪ್ಟೆಂಬರ್ 25ರಂದು ಮೃಗಾಲಯದಿಂದ ಗುರುತಿಸಲೆಂದು ಕಳುಹಿಸಿದ ಆಫ್ರಿಕದ ಬೂಮ್‌ಸ್ಲಾಂಗ್ ಎಂಬ ಎಳೆಯ ಹಾವು ಆತನ ಹೆಬ್ಬೆರಳಿಗೆ ಕಚ್ಚಿತು. ಹಿಂದಿನ ಒಂದೇ ಹಲ್ಲು ತಾಗಿದೆ, ಇಷ್ಟಕ್ಕೆ ಸಾವು ಬಾರದು ಎಂದು ನಂಬಿದ ಆತ ತನಗಾಗುತ್ತಿದ್ದುದನ್ನು ಗಂಟೆಗಂಟೆಗೂ ಬರೆದಿಡುತ್ತ ಹೋದ. ಮರುದಿನ ಮಧ್ಯಾಹ್ನ ತೀರಿಕೊಂಡ. ಆ ಹಾವಿನ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡದೆ ಒಳಗೇ ಸೋರಿಸುತ್ತದೆ, ನಿಧಾನವಾಗಿ ಕೊಲ್ಲುತ್ತದೆ. ಆತನನ್ನು ನಾನು ಹಳಿಯಲಾರೆ. ಆತ ಪಣವಿಟ್ಟದ್ದು ತನ್ನ ಜೀವವನ್ನು. ನಾನು ಪಣವಿಟ್ಟದ್ದು ಬೇರೊಂದರ ಜೀವವನ್ನು, ಒಬ್ಬ ಹುಡುಗನ ಕೈಯಿಂದ.

ಮತ್ತೆ ಭಾನುವಾರ

ವಾರ ಕಳೆದು ನಾನೇ ಅವನಿಗೆ ಕರೆ ಮಾಡಿದೆ. ನಾನು ಹೇಳಿದ್ದು ಇಷ್ಟು: "ಮೊದಲು ಅದು ಯಾವ ಜಾತಿಯೆಂದು ಸರೀಸೃಪ ಬಲ್ಲ ಪಶುವೈದ್ಯರಿಂದ ಖಚಿತಮಾಡಿಕೋ. ಸಲಹೆ ಕೊಡುವವರನ್ನು ಮೂರು ಪ್ರಶ್ನೆ ಕೇಳು. ಈ ಮಾತು ಇದೇ ಜಾತಿಗೆ ಸಂಬಂಧಿಸಿದ್ದೇ? ನೀವು ಎಷ್ಟನ್ನು, ಎಷ್ಟು ವರ್ಷ ಸಾಕಿ ಕಂಡಿದ್ದೀರಿ? ಸತ್ತವು ಏಕೆ ಸತ್ತವು? ಮೂರನೆಯದಕ್ಕೆ ಉತ್ತರ ಕೊಡುವವನ ಮಾತಿಗೆ ಹೆಚ್ಚು ಬೆಲೆ ಕೊಡು. ಮಗಳ ಕೈಗೆ ಒಂದು ನೋಟು ಪುಸ್ತಕ ಕೊಟ್ಟು ವಾರಕ್ಕೊಮ್ಮೆ ತೂಕ ಬರೆಸು."

ಆಮೇಲೆ, ಹೇಳಬೇಕೆಂದು ಕಾದಿದ್ದನ್ನು ಹೇಳಿದೆ. "ಅಂದು ನಾನು ಹೇಳಿದ್ದು ತಪ್ಪು ಕಣಪ್ಪ. ಆ ಆಮೆ ಸತ್ತದ್ದು ನನ್ನ ಮಾತಿನಿಂದ."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಅವನು, "ಸಾರ್, ನಾನೇ ನೀರು ಜಾಸ್ತಿ ಹಾಕಿಬಿಟ್ಟೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ನೀವು ಹೇಳಿದ್ದು ಸರಿಯಾಗೇ ಇತ್ತು, ನಾನು ಮಾಡಿದ್ದೇ ಸರಿಯಿಲ್ಲ ಅಂತ" ಎಂದ.

ಮೂವತ್ತೈದು ವರ್ಷಕ್ಕೂ ಮೀರಿ ಆ ಹುಡುಗ ನನ್ನ ತಪ್ಪನ್ನು ತನ್ನದೆಂದು ಹೊತ್ತು ತಿರುಗಿದ್ದ. ಸಲಹೆ ಕೊಡುವವರು ಅರಿಯದೆ ಹೋಗುವುದು ಇದನ್ನೇ. ನಂಬಿದವನು ಸಲಹೆಯನ್ನು ದೂರುವುದಿಲ್ಲ, ತನ್ನನ್ನೇ ದೂರಿಕೊಳ್ಳುತ್ತಾನೆ. ಆದ್ದರಿಂದ ತಪ್ಪು ಸಲಹೆ ಕೊಟ್ಟವನ ಬಳಿಗೆ ತಿರುಗಿ ಬರುವುದೇ ಇಲ್ಲ.

ಊರಿನಲ್ಲಿರುವವರಿಗೆ ಒಂದು ಮಾತು. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಅದೃಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ. 2022ರ ತಿದ್ದುಪಡಿ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಹಿಡಿಯುವುದೂ ಸಾಕುವುದೂ ಅಪರಾಧ. 1988ರಲ್ಲೂ ಅದಕ್ಕೆ ಕಾನೂನಿತ್ತು, ಪೌರನೀತಿ ಪಾಠ ಮಾಡುತ್ತಿದ್ದ ನನಗೇ ತಿಳಿದಿರಲಿಲ್ಲ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. ಕಳ್ಳಸಾಗಣೆಯಾಗಿ ಹೋಗಿದ್ದವು ಅವು. ಹೊಲದಲ್ಲಿ ಕಂಡರೆ ಅದರ ಪಾಡಿಗೆ ಬಿಟ್ಟುಬಿಡಿ. ಯಾರಾದರೂ ಮಾರುವುದನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಯದಾಗಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ನಿಮ್ಮ ಮುಂದೆ ನಿಂತು ಮಾತನಾಡಿದ್ದೇನೆ. ಆ ಸಿಮೆಂಟ್ ತೊಟ್ಟಿಯಂಥ ಮಾತುಗಳು ಇನ್ನೂ ಎಷ್ಟಿವೆಯೋ. ನನ್ನ ಮಾತು ಕೇಳಿ ನಡೆದು ಕೆಟ್ಟದ್ದಾಗಿ, ಅದು ನಿಮ್ಮದೇ ತಪ್ಪೆಂದು ಯಾರಾದರೂ ಇಂದಿಗೂ ತಿಳಿದಿದ್ದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಸಂಕೋಚ ಬೇಡ. ತಿದ್ದಿ ಕೊಡುವುದು ನನಗೆ ಅಭ್ಯಾಸವಾದ ಕೆಲಸ.

ಅಂದ ಹಾಗೆ, ಆ ಪುಟ್ಟ ಹುಡುಗಿಯ ನೋಟು ಪುಸ್ತಕದ ಮೊದಲ ಪುಟದ ಚಿತ್ರ ನಿನ್ನೆ ಬಂದಿತು. ಮೇಲೆ ತಾರೀಖು, ಕೆಳಗೆ ತೂಕ: 1 ಕಿಲೋ 140 ಗ್ರಾಂ. ಪಕ್ಕದಲ್ಲಿ ಕನ್ನಡದಲ್ಲಿ, ಅವಳ ಅಪ್ಪ ಕೈಹಿಡಿದು ಬರೆಸಿದಂತಿರುವ ಸೊಟ್ಟ ಅಕ್ಷರಗಳಲ್ಲಿ, 'ನೆಲದ ಆಮೆ' ಎಂದಿದೆ.